ಮೂಕತಂತಿ

ನನ್ನ ದನಿ ಹೇಗಿದೆ ಎಂಬುದು ನನಗೇ ಮರೆತುಹೋಗಿದೆಯೇನೋ ಎಂಬ ಅಳುಕು ಈಚೆಗೆ ಶುರುವಾಗಿದೆ. ದಿನಚರಿಯಲ್ಲಿ ಇದನ್ನು ಬರೆಯುವುದಕ್ಕೂ ನಾಚಿಕೆಯಾಗಿ ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಡಿಗ್ರಿ ಮುಗಿಸಿದ ಹುಡುಗಿ ನಾನು. ಮನೆಯಲ್ಲಿ ಒಳ್ಳೆಯ ಮಾತಿನ ಪೆಟ್ಟಿಗೆಯಿದೆ, ಅದರೊಳಗೆ ಗಟ್ಟಿಮುಟ್ಟಾದ ಗಾಜಿನ ವಾಲ್ವಿದೆ, ಅದನ್ನು ಕಾಯಿಸುವ ಬಿಸಿಮನೆಯನ್ನು ನೋಡಿಕೊಳ್ಳುವವರು ಅಪ್ಪನೇ. ಇಷ್ಟೆಲ್ಲ ಇದ್ದೂ ಪೆಟ್ಟಿಗೆಯ ಮುಂದೆ ಕೂತರೆ ಬಾಯಿ ಒಣಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಬೀದಿಯ ತುದಿಯ ಬಿಸಿಮನೆಯಲ್ಲಿ ಹಿಡಿ ತಿರುಗಿಸುತ್ತಾರೆ. ವಾಲ್ವಿನೊಳಗಿನ ಕೂದಲೆಳೆಯಂಥ ತಂತಿ ಮೊದಲು ಇಟ್ಟಿಗೆಯ ಬಣ್ಣಕ್ಕೆ, ಆಮೇಲೆ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಕಾಯಬೇಕು. ಹೇಳಬೇಕೆಂದು ಬೆಳಗಿನಿಂದ ಜೋಡಿಸಿಟ್ಟುಕೊಂಡದ್ದು ಆ ಕಾಯುವಿಕೆಯಲ್ಲೇ ಕರಗಿಹೋಗುತ್ತದೆ. ತಂತಿ ಕಾಯುವಷ್ಟರಲ್ಲಿ ನಾನು ತಣ್ಣಗಾಗಿರುತ್ತೇನೆ.

ನಮ್ಮೂರಿನಲ್ಲಿ ಮನುಷ್ಯರ ಮಾತು ಗಾಳಿಯಲ್ಲಿ ನಡೆಯುವುದಿಲ್ಲ. ಕಾಗೆ ಕೂಗಿದ್ದು ಕೇಳುತ್ತದೆ, ಪಾತ್ರೆ ಬಿದ್ದದ್ದು ಕೇಳುತ್ತದೆ. ಮಾತು ಮಾತ್ರ ತುಟಿ ದಾಟಿದ ಕೂಡಲೇ ಕಾಲಬುಡದಲ್ಲಿ ಬಿದ್ದುಹೋಗುತ್ತದೆ. ಕಿವಿಗೆ ಬಾಯಿ ಹಚ್ಚಿದರೆ ಕೇಳಿಸುತ್ತದೆ. ಹಗಲೆಲ್ಲ ನಮಗೆ ಆ ಕಿವಿಮಾತೇ. ಯಾರನ್ನಾದರೂ ಬೈಯಬೇಕೆಂದರೂ ತಬ್ಬಿಕೊಳ್ಳುವಷ್ಟು ಹತ್ತಿರ ಹೋಗಬೇಕು. ಹಾಗೆ ಹೋದ ಮೇಲೆ ಅರ್ಧ ಜನಕ್ಕೆ ಬೈಯುವ ಮನಸ್ಸಿರುವುದಿಲ್ಲ, ಉಳಿದರ್ಧ ಜನ ಕಿವಿ ಕಚ್ಚುತ್ತಾರೆ.

ಬೀದಿಗೆಲ್ಲ ಕೇಳಬೇಕಾದ ಮಾತಿಗೆ ಪೆಟ್ಟಿಗೆಯೇ ಗತಿ. ಪ್ರತಿ ಮನೆಯ ನಡುಮನೆಯಲ್ಲೂ ಒಂದು ಮರದ ಪೆಟ್ಟಿಗೆ, ಮುಂದೊಂದು ಮೈಕು, ಒಳಗೆ ಗಾಜಿನ ವಾಲ್ವು. ಪೆಟ್ಟಿಗೆಯ ಉಳಿದ ಕೆಲಸಕ್ಕೆಲ್ಲ ಮನೆಯ ಕರೆಂಟೇ ಸಾಕು. ವಾಲ್ವಿನ ಒಳತಂತಿಯನ್ನು ಕಾಯಿಸುವ ಕರೆಂಟು ಮಾತ್ರ ಬೀದಿಯದು. ಬಿಸಿಮನೆಯಿಂದ ಹೊರಟ ಒಂದೇ ತಂತಿ ನಮ್ಮ ಮನೆಯ ವಾಲ್ವಿನೊಳಗೆ ಹೊಕ್ಕು ಹೊರಬಂದು ಎರಡನೇ ಮನೆಗೆ ಹೋಗುತ್ತದೆ, ಅಲ್ಲಿಂದ ಮೂರನೆಯದಕ್ಕೆ, ಹೀಗೆ ಹನ್ನೊಂದು ಮನೆ ಹಾದು ತಿರುಗಿ ಬಿಸಿಮನೆ ಸೇರುತ್ತದೆ. ಮದುವೆ ಚಪ್ಪರದ ದೀಪದ ಸರದ ಹಾಗೆ, ಒಂದು ಆರಿದರೆ ಎಲ್ಲವೂ ಆರುತ್ತವೆ. ಹಾಗಾಗಿ ನಮ್ಮ ಬೀದಿಯಲ್ಲಿ ಜನ ಒಬ್ಬರ ಮಕ್ಕಳ ಆರೋಗ್ಯ ಇನ್ನೊಬ್ಬರು ವಿಚಾರಿಸುವುದಕ್ಕಿಂತ ಹೆಚ್ಚಾಗಿ ವಾಲ್ವಿನ ಆರೋಗ್ಯ ವಿಚಾರಿಸುತ್ತಾರೆ. ಪ್ರತಿ ವಾಲ್ವಿಗೂ ಆರು ವೋಲ್ಟು, ಮೇಲೊಂದು ಚೂರು. ಹೆಚ್ಚು ಕೊಟ್ಟರೆ ತಂತಿ ಬೇಗ ಸುಡುತ್ತದೆ; ಕಡಿಮೆ ಕೊಟ್ಟರೆ ಒಳಗೇ ಕೊಳೆಯುತ್ತದೆ. ಅಪ್ಪ ಮೀಟರು ಹಿಡಿದು ದಿನಾ ಸಂಜೆ ಮನೆಮನೆಗೆ ಹೋಗಿ ನೋಡಿ ಬರುತ್ತಾರೆ. ಅವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಬಾಣಂತಿಯ ಕೋಣೆಯಲ್ಲಿ ಪೆಟ್ಟಿಗೆಯಿದ್ದರೂ ಚೆನ್ನವೀರಪ್ಪನವರು ಬಂದರೆಂದರೆ ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಾರೆ.

ತಂತಿ ಕಾದ ಮೇಲಿನ ಬೀದಿಯನ್ನು ಕೇಳುವುದು ನನಗಿಷ್ಟ. ಮೊದಲು ಗುಂಯ್ ಎನ್ನುವ ಸದ್ದು, ಆಮೇಲೆ ಯಾರೋ ಕೆಮ್ಮುತ್ತಾರೆ, ಆಮೇಲೆ ಎಲ್ಲರೂ ಒಟ್ಟಿಗೆ. "ಯಾರ್ ಮನೇದ್ರೀ ಅದು ಗುಂಯ್‌ಗುಟ್ಟೋದು? ಚೆನ್ನವೀರಪ್ಪೋರೇ, ತಂತಿ ಸರಿಯಾಗಿ ಹೊಸೆದಿಲ್ವಾ?" ಎಂದು ನಾಲ್ಕನೇ ಮನೆಯವರು ಕೇಳಿದರೆ, ಎಂಟನೇ ಮನೆಯಿಂದ ರೇಣುಕಾ, "ತಂತಿ ಅಲ್ಲ ಕಣ್ರೀ, ನಮ್ಮ ಮಾವ ಪೆಟ್ಟಿಗೆ ಮುಂದೆ ಕೂತೇ ನಿದ್ದೆ ಮಾಡ್ತಾವ್ರೆ," ಅನ್ನುತ್ತಿದ್ದಳು. ಏಳನೇ ಮನೆಯಿಂದ ಅವಳ ಮಾವ ಗುರುಬಸಪ್ಪ, ನಮ್ಮ ಬೀದಿಯ ಹಿರಿಯರು, "ಬಾಯ್ಮುಚ್ಚೇ" ಅನ್ನುತ್ತಿದ್ದರು. ಬೀದಿಯೆಲ್ಲ ನಗುತ್ತಿತ್ತು. ಹೋದ ವರ್ಷ ಅವಳ ಗಂಡ ಸೋಮಶೇಖರ ಸುಣ್ಣದ ಭಟ್ಟಿ ಕುಸಿದು ತೀರಿಕೊಂಡ. ಕೆಲವು ತಿಂಗಳು ಎಂಟನೇ ಮನೆಯ ಪೆಟ್ಟಿಗೆ ಸುಮ್ಮನಿತ್ತು. ಆಮೇಲೊಂದು ಸಂಜೆ ಅವಳು ಮತ್ತೆ ಯಾವುದಕ್ಕೋ ನಕ್ಕಳು. ಆ ನಗುವಿಗೆ ಬೀದಿ ನಗಲಿಲ್ಲ. ಮಾರನೆಯ ದಿನ ನಲ್ಲಿಯ ಹತ್ತಿರ ಅವಳ ಅತ್ತೆ ಹಾಲಮ್ಮ ಒಬ್ಬೊಬ್ಬರ ಕಿವಿಗೂ ಹೋಗಿ, "ಗಂಡ ಸತ್ತೋಳು ಬೀದಿಗೆಲ್ಲ ಕೇಳೋ ಹಂಗೆ ನಗ್ತಾಳಲ್ಲ, ಏನ್ ಹೇಳೋಣ?" ಎಂದರಂತೆ. ನನ್ನ ಕಿವಿಗೂ ಬಂದರು. ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ವಾಲ್ವುಗಳನ್ನು ಈಗ ಎಲ್ಲೂ ಮಾಡುವುದಿಲ್ಲ. ಅಪ್ಪನ ಬೀರುವಿನಲ್ಲಿ ಒಂದಷ್ಟು ಉಳಿದಿವೆ, ಆದರೆ ಬೇರೆ ಬೇರೆ ಜಾತಿಯವು. ಬುಡದ ಪಿನ್ನಿನ ಕಾಲು ಹೊಂದಿದರೆ ತಂತಿ ಹೊಂದುವುದಿಲ್ಲ. ಯಾವುದಾದರೂ ಮನೆಯ ವಾಲ್ವು ಸತ್ತು, ಬದಲಿಗೆ ಹೊಂದುವಂಥದ್ದು ಸಿಗದಿದ್ದರೆ, ಸರ ಕಡಿದುಹೋಗಬಾರದಲ್ಲ, ಅದರ ಜಾಗಕ್ಕೆ ಪಿಂಗಾಣಿ ಕೊಳವೆಗೆ ಸುತ್ತಿದ ತಂತಿಯ ಸುರುಳಿಯೊಂದನ್ನು ಬೆಸುಗೆ ಹಾಕುತ್ತಾರೆ. ಕರೆಂಟು ಅದರ ಮೂಲಕ ಹಾದು ಮುಂದಿನ ಮನೆಗೆ ಹೋಗುತ್ತದೆ. ಬಿಸಿಯೂ ಆಗುತ್ತದೆ. ಬೇರೆ ಮನೆಗಳ ಮಾತು ಕೇಳಿಸುತ್ತದೆ, ಆ ಮನೆಯ ಮಾತು ಮಾತ್ರ ಹುಟ್ಟುವುದಿಲ್ಲ. ಅದಕ್ಕೆ ಮೂಕತಂತಿ ಅನ್ನುತ್ತಾರೆ. ಸುರುಳಿಯ ಉದ್ದ ಸತ್ತ ವಾಲ್ವಿನ ಲೆಕ್ಕಕ್ಕೆ ಸರಿಯಾಗಿರಬೇಕು. ಒಂದೆರಡು ಸುತ್ತು ಕಡಿಮೆಯಾದರೂ ಉಳಿದ ಮನೆಗಳ ಪಾಲಿಗೆ ಹೆಚ್ಚು ವೋಲ್ಟು ಹೋಗುತ್ತದೆ. ಅಪ್ಪನ ಕೈ ಈಗ ನಡುಗುತ್ತದೆ. ಆದ್ದರಿಂದ ಸುತ್ತುವವಳು ನಾನು.

ಮೂರನೇ ಮನೆಯ ದರ್ಜಿ ಫಕೀರಪ್ಪನವರಿಗೆ ಮೂಕತಂತಿ ಬಿದ್ದು ವರ್ಷಗಳಾದವು. ಸಂಜೆ ಎಲ್ಲರೂ ಮಾತಾಡುವಾಗ ಅವರ ಹೆಂಡತಿ ಪೆಟ್ಟಿಗೆಯ ಹಿಂಬದಿಯ ಬಿಸಿಗೆ ಹಪ್ಪಳ ಸುಡುತ್ತಾರೆ, ಮೊಮ್ಮಗುವಿನ ಒದ್ದೆ ಬಟ್ಟೆ ಒಣಹಾಕುತ್ತಾರೆ. ಹಾಗಂತ ಅವರು ಬೀದಿಯ ಲೆಕ್ಕದಿಂದ ಹೊರಗೆ ಹೋಗಿಲ್ಲ. ಬೀದಿಗೆ ಸಂಬಂಧಿಸಿದ ಯಾವುದೇ ವಿಷಯವಿದ್ದರೆ ಹಿರಿಯರು ಪೆಟ್ಟಿಗೆಯಲ್ಲಿ ಕೇಳಿಕೆ ಇಡುತ್ತಾರೆ. ಮನೆಮನೆಯ ಹೆಸರು ಹಿಡಿದು ಮೂರು ಸಲ ಕೇಳುವುದು. ಬೇಡ ಅನ್ನುವವರು ಬೇಡ ಅನ್ನಬೇಕು. ಸುಮ್ಮನಿದ್ದರೆ ಒಪ್ಪಿದಂತೆ. ಮೂಕತಂತಿಯ ಮನೆ ಸುಮ್ಮನೇ ಇರುತ್ತದಲ್ಲ, ಅದೂ ಒಪ್ಪಿದಂತೆಯೇ. ಬೀದಿಯ ನಲ್ಲಿಯನ್ನು ಫಕೀರಪ್ಪನವರ ಬಾಗಿಲಿನಿಂದ ಕಿತ್ತು ಏಳನೇ ಮನೆಯ ಮುಂದೆ ಹಾಕಿಸುವ ಕೇಳಿಕೆ ಬಂದಾಗ ಮೂರನೇ ಮನೆ ಒಪ್ಪಿತು ಎಂದು ಗುರುಬಸಪ್ಪನವರು ಸಾರಿದರು. ಫಕೀರಪ್ಪ ಚೀಟಿ ಬರೆದುಕೊಂಡು ಹೋಗಿ ಕೊಟ್ಟರು. ಗುರುಬಸಪ್ಪ ಮರ್ಯಾದೆಯಿಂದ ಓದಿದರು, ಮಡಚಿದರು, ಜೇಬಿನಲ್ಲಿಟ್ಟುಕೊಂಡರು. ಕೇಳಿಕೆಗೆ ಬೇಕಾದದ್ದು ದನಿ. ಬೇರೆಯವರ ಮನೆಗೆ ಹೋಗಿ ಕೂಗಿಕೊಂಡರೂ ಲೆಕ್ಕಕ್ಕೆ ಬರುವುದಿಲ್ಲ. ಯಾರ ಪೆಟ್ಟಿಗೆಯಿಂದ ಬಂತೋ ಅದು ಆ ಮನೆಯ ಮಾತು, ಆ ಮನೆಗೆ ಸೇರಿದ ವಿಷಯಕ್ಕೆ ಮಾತ್ರ ಮಾತು.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಊಟ ಮುಗಿಸಿ ಎದ್ದವರು ನನ್ನ ಕಿವಿಗೆ ಬಂದು, "ಒಂದು ಸುರುಳಿ ಸುತ್ತಮ್ಮ. ದೊಡ್ಡ ವಾಲ್ವಿನ ಅಳತೆಗೆ," ಎಂದರು. ಅವರ ಮೈಗೆ ಯಾವಾಗಲೂ ಬೆಸುಗೆಯ ರಾಳದ ವಾಸನೆ. ಯಾರ ಮನೆಗೆ ಎಂದು ಕೈಯಲ್ಲೇ ಕೇಳಿದೆ. "ಇರ್ಲಿ, ಬೇಕಾಗುತ್ತೆ," ಎಂದರು. ಸುತ್ತಿ ಕೊಟ್ಟೆ. ಸಂಜೆ ಮೀಟರು ಹಿಡಿದು ಹೋದವರು ತಡವಾಗಿ ಬಂದರು. ಆವತ್ತು ತಂತಿ ಕಾದ ಮೇಲೆ ಎಂಟನೇ ಮನೆಯಿಂದ ಸದ್ದಿಲ್ಲ. ಗುರುಬಸಪ್ಪನವರು, "ಎಂಟನೇ ಮನೆ ವಾಲ್ವು ಹೋಗ್ಬಿಡ್ತಂತೆ, ಪಾಪ. ಚೆನ್ನವೀರಪ್ಪೋರು ಮೂಕತಂತಿ ಹಾಕಿ ಸರ ಉಳಿಸಿದಾರೆ," ಎಂದರು. ಎಲ್ಲರೂ ಪಾಪ ಅಂದರು. ಆಮೇಲೆ ಅದೇ ದನಿಯಲ್ಲಿ ಗುರುಬಸಪ್ಪ, ನಾಳೆಯ ಸೋಮವಾರ ಬಿಟ್ಟು ಅದರಾಚೆಯ ಸೋಮವಾರ ತಮ್ಮದೊಂದು ಕೇಳಿಕೆಯಿದೆ ಎಂದೂ ಹೇಳಿದರು. ಮೊಮ್ಮಗಳು, ಅಂದರೆ ರೇಣುಕಾಳ ಮಗಳು ಪಮ್ಮಿಯನ್ನು ತಮ್ಮ ಹಿರಿಮಗಳು ನೀಲಕ್ಕನಿಗೆ ಸಾಕಿಕೊಳ್ಳಲು ಕೊಡುವುದು. ನೀಲಕ್ಕನಿಗೆ ಮಕ್ಕಳಿಲ್ಲ, ಗುಡ್ಡದಾಚೆಯ ಊರಲ್ಲಿ ಅನುಕೂಲವಾಗಿದ್ದಾಳೆ, ಒಂಟಿ ಹೆಂಗಸಿನ ಮನೆಯಲ್ಲಿ ಹೆಣ್ಣುಮಗು ಬೆಳೆಯುವುದಕ್ಕಿಂತ ಅದು ಮೇಲು.

ಮಾರನೆಯ ದಿನ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದಾಗ ರೇಣುಕಾ ಬಂದಳು. ತಲೆ ಬಾಚಿರಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಕಿವಿ ಹಿಡಿದೇ ಎಳೆದುಕೊಂಡಳು. "ದಾಕ್ಷಿ, ನಿಮ್ಮಪ್ಪನ ಬೀರುವಲ್ಲಿ ಯಾವ್ದಾದ್ರೂ ಹಳೇ ವಾಲ್ವ್ ಇದ್ಯಾ ನೋಡೇ. ಗೊರಗೊರ ಅಂದ್ರೂ ಪರವಾಗಿಲ್ಲ. ಬೇಡ ಅಂತ ಒಂದ್ಮಾತು ಹೊರಗೆ ಬಂದ್ರೆ ಸಾಕು. ಮಗು ವಿಷಯದಲ್ಲಿ ತಾಯಿ ಬೇಡ ಅಂದ್ರೆ ಮುಗೀತಲ್ಲ." ನಾನು ಎಲ್ಲ ಮನೆಯವರಿಗೂ ಕಿವಿಯಲ್ಲಿ ಹೇಳಿದೆಯಾ ಎಂದು ಕೇಳಿದೆ. "ಹೇಳ್ದೆ. ಎಲ್ಲಾರೂ, ಅವತ್ತು ಪೆಟ್ಟಿಗೇಲಿ ಹೇಳಮ್ಮ, ನಾವಿದೀವಿ ಅಂತಾರೆ," ಎಂದು ನಕ್ಕಳು. ನಗುವಿನ ಬಿಸಿಯುಸಿರು ಮಾತ್ರ ಕಿವಿಗೆ ತಾಗಿತು.

ಅಪ್ಪ ಸ್ನಾನಕ್ಕೆ ಹೋದಾಗ ಬೀರು ತೆಗೆದೆ. ಸತ್ತ ವಾಲ್ವುಗಳನ್ನು ಅಪ್ಪ ಹಿತ್ತಿಲ ಬಾಗಿಲ ಹತ್ತಿರದ ಹಳೆಯ ಹಾಲಿನ ಕ್ಯಾನಿಗೆ ಹಾಕುತ್ತಾರೆ. ಬೀರುವಿನಲ್ಲಿರುವುದು ಬದುಕಿದವು ಮಾತ್ರ, ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ ಇಟ್ಟಿರುತ್ತಾರೆ. ಎಲ್ಲವನ್ನೂ ನಾನು ಬಲ್ಲೆ. ಹೊಸದೊಂದು ಹತ್ತಿಯ ಗಂಟಿತ್ತು. ಬಿಚ್ಚಿದರೆ ದೊಡ್ಡ ಕಾಲಿನ ವಾಲ್ವು, ಕಾಲಿನ ಬುಡದಲ್ಲಿ ಕೆಂಪು ಬಣ್ಣದ ಬೊಟ್ಟು. ಪಮ್ಮಿ ಹುಟ್ಟಿದ ವರ್ಷ ರೇಣುಕಾ ಅದಕ್ಕೆ ದೃಷ್ಟಿಯಾಗದಿರಲಿ ಎಂದು ಉಗುರುಬಣ್ಣದಲ್ಲಿ ಇಟ್ಟ ಬೊಟ್ಟು ಅದು. ಗಾಜಿನ ನೆತ್ತಿಯ ಮೇಲಿನ ಬೆಳ್ಳಿಯ ಲೇಪ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಗಾಳಿ ಹೊಕ್ಕು ಸತ್ತ ವಾಲ್ವಾಗಿದ್ದರೆ ಅದು ಹಾಲಿನಂತೆ ಬೆಳ್ಳಗಾಗಿರಬೇಕು. ತಂತಿ ಕಡಿದಿರಬಹುದು ಎಂದುಕೊಂಡು ಮೀಟರಿನ ಕಡ್ಡಿಗಳನ್ನು ಅದರ ಕಾಲಿಗೆ ಹಿಡಿದೆ. ಮುಳ್ಳು ಎದ್ದು ನಿಂತಿತು. ತಂತಿ ಕಡಿದಿರಲಿಲ್ಲ. ಆಗ ಭಾನುವಾರದ ಮಧ್ಯಾಹ್ನ ನೆನಪಾಯಿತು. ಮೂಕತಂತಿ ಸುತ್ತಿದ್ದು ಮಧ್ಯಾಹ್ನ. ವಾಲ್ವು ಸತ್ತದ್ದು ಸಂಜೆ. ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದೆ. ಕೈಯಲ್ಲಿ ವಾಲ್ವು ಹಾಗೇ ಇತ್ತು.

ಅಪ್ಪ ಟವೆಲು ಸುತ್ತಿಕೊಂಡು ಬಂದಾಗಲೂ ನಾನು ಅದನ್ನು ಹಿಡಿದೇ ನಿಂತಿದ್ದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ದೇವರಿಗೆ ಕೈಮುಗಿದು ಬಂದು ಕೂತರು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಒಬ್ಬರ ಮುಖ ಇನ್ನೊಬ್ಬರಿಗೆ ಓದಲು ಬರುತ್ತದೆ. ಕಿವಿಗೆ ಬಾಯಿಟ್ಟು ಕೇಳಿದೆ, "ಇದು ಚೆನ್ನಾಗೇ ಇದ್ಯಲ್ಲಪ್ಪ?"

"ಇದೆ."

"ಮತ್ತೆ?"

ಅಪ್ಪ ನನ್ನ ತಲೆಯನ್ನು ತಮ್ಮ ಕಡೆಗೆ ಒತ್ತಿಕೊಂಡು ಕಿವಿಯಲ್ಲಿ ಹೇಳಿದರು. "ಗುರುಬಸಪ್ಪೋರು ಬಂದು ಕೂತ್ರಮ್ಮ. ಅತ್ತುಬಿಟ್ರು. ಮಗ ಹೋದ, ಮಗಳ ಮಡಿಲಾದ್ರೂ ತುಂಬ್ಲಿ ಅಂದ್ರು. ಈ ಹುಡುಗಿ ಬೇಡ ಅಂತಾಳೆ, ಹಠ ಮಾಡ್ತಾಳೆ, ಬೀದಿ ಎದುರಿಗೆ ಮನೆ ಮಾನ ಹೋಗುತ್ತೆ ಅಂದ್ರು. ಕೇಳಿಕೆ ಮುಗಿಯೋವರೆಗೆ ಅಷ್ಟೆ. ಆಮೇಲೆ ಹೊಂದೋದು ಸಿಕ್ತು ಅಂತ ಇದನ್ನೇ ವಾಪಸ್ ಹಾಕ್ತೀನಿ. ಅದಕ್ಕೇ ಜೋಪಾನವಾಗಿ ಇಟ್ಟಿರೋದು." ಹತ್ತಿಯನ್ನು ತೋರಿಸಿದರು. ಅದನ್ನು ತೋರಿಸುವಾಗ ಅವರ ಮುಖದಲ್ಲಿ ಒಂದು ಬಗೆಯ ನಿರಾಳವಿತ್ತು, ತಾನು ಕೆಟ್ಟದ್ದನ್ನೇನೂ ಮಾಡಿಲ್ಲ, ನೋಡು, ಎಷ್ಟು ಮೆತ್ತಗೆ ಸುತ್ತಿದ್ದೇನೆ ಎನ್ನುವ ಹಾಗೆ.

"ಆಮೇಲೆ ಹಾಕಿದ್ರೆ ಮಗು ವಾಪಸ್ ಬರುತ್ತಾ?"

ಅಪ್ಪ ಹತ್ತಿಯನ್ನು ಹಿಂಜಿ ಹರಡಿದರು. "ಗೊತ್ತಾದ್ರೆ ಏನಾಗುತ್ತೆ ನಿಂಗೊತ್ತಲ್ಲ," ಎಂದರು. ಗೊತ್ತಿತ್ತು. ಜೀವವಿರುವ ವಾಲ್ವು ಕಿತ್ತದ್ದು ಬೀದಿಗೆ ತಿಳಿದರೆ ಆ ಮನೆಯ ಮೌನ ಲೆಕ್ಕಕ್ಕಿಲ್ಲ, ಕೇಳಿಕೆ ನಿಂತುಹೋಗುತ್ತದೆ. ಕಿತ್ತವನ ಕೈಯಿಂದ ಬಿಸಿಮನೆಯ ಕೀಲಿ ತೆಗೆದುಕೊಳ್ಳುತ್ತಾರೆ, ಅವನ ಮನೆಗೆ ಮೂಕತಂತಿ ಹಾಕುತ್ತಾರೆ. ಆ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡುವುದಿಲ್ಲ. ಆ ಮನೆಯವರು ಇರುವಷ್ಟು ಕಾಲ ಅದು ಹಾಗೇ ಇರುತ್ತದೆ. ಅಪ್ಪ ನನ್ನ ಕೈಯಿಂದ ವಾಲ್ವನ್ನು ಮೆಲ್ಲಗೆ ಬಿಡಿಸಿಕೊಂಡು ಹತ್ತಿಯಲ್ಲಿ ಸುತ್ತಿದರು. ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಹೋಗುವಾಗ ನನ್ನ ಬೆನ್ನು ತಟ್ಟಿ ಕಿವಿಯಲ್ಲಿ, "ನೀನು ಹೇಳಲ್ಲ ಬಿಡು. ನೀನು ಯಾವತ್ತು ಮಾತಾಡಿದೀಯ ಮಗಳೇ," ಎಂದರು. ಬೈದದ್ದಲ್ಲ ಅದು. ಪ್ರೀತಿಯಿಂದಲೇ ಹೇಳಿದ್ದು.

ಎರಡು ದಿನ ನಾನು ರೇಣುಕಾಳ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಮೂರನೆಯ ದಿನ ತಡೆಯಲಾರದೆ ಅವಳ ಮನೆಗೆ ಹೋದೆ. ಹಾಲಮ್ಮ ಭಾನುವಾರದಿಂದ ಸೊಸೆಯ ಜೊತೆಗಿರುತ್ತೇನೆಂದು ಅಲ್ಲೇ ಹಾಸಿಗೆ ಹಾಕಿಕೊಂಡಿದ್ದರು. ಪೆಟ್ಟಿಗೆಯ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ಪೆಟ್ಟಿಗೆಯ ಹಿಂಬದಿಯ ಹಲಗೆಯ ಮೇಲೆ ಅಪ್ಪನ ಅರಗಿನ ಮುದ್ರೆಯಿತ್ತು. ಪಮ್ಮಿ ಪೆಟ್ಟಿಗೆಯ ಮುಂದೆ ಗೊಂಬೆಯನ್ನು ಕೂರಿಸಿ, ಮೈಕಿಗೆ ಅದರ ಬಾಯಿ ಹಚ್ಚಿ ಆಡಿಸುತ್ತಿದ್ದಳು. ನೀಲಕ್ಕ ಕಳಿಸಿದ ಹೊಸ ಲಂಗ ಹಾಕಿದ್ದಳು. ಬೆಳೆಯುವ ಮಗು ಎಂದು ಉದ್ದ ಇಟ್ಟು ಹೊಲಿಸಿದ್ದರು, ನಡೆದಾಗ ಎಡವುತ್ತಿದ್ದಳು.

ನಾನು ರೇಣುಕಾಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಹೇಳುವಾಗ ಅವಳ ಕಿವಿಯ ಓಲೆ ನನ್ನ ತುಟಿಗೆ ತಣ್ಣಗೆ ತಾಗುತ್ತಿತ್ತು. ಅವಳು ಚಕಿತಳಾಗಲಿಲ್ಲ. "ಹಿಂದಿನ್ ದಿನ ಚೆನ್ನಾಗಿ ಉರೀತಿದ್ದಿದ್ದು ಒಂದೇ ದಿನಕ್ಕೆ ಹೆಂಗ್ ಸಾಯುತ್ತೆ ಅಂತ ಅವತ್ತೇ ಅನ್ಕೊಂಡೆ. ಚೆನ್ನವೀರಪ್ಪೋರು ಹಂಗೆ ಮಾಡಲ್ಲ ಅಂತ ನನ್ ಮನಸ್ಸಿಗೆ ನಾನೇ ಬುದ್ಧಿ ಹೇಳ್ಕೊಂಡೆ," ಎಂದಳು. ಆಮೇಲೆ ನನ್ನ ಗಲ್ಲ ಹಿಡಿದು ತಿರುಗಿಸಿ ಮುಖ ನೋಡಿದಳು. ಮತ್ತೆ ಕಿವಿಗೆ ಬಂದಳು. "ನೀನು ಹೇಳ್ತೀಯಾ?"

ನಾನು ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ ತಲೆಯಾಡಿಸಿದೆ.

"ಹೋಗ್ಲಿ ಬಿಡೇ," ಎಂದಳು ರೇಣುಕಾ. "ನಿನ್ನ ಹೆಣ್ಣು ನೋಡೋಕೆ ಬಂದೋರು ಹೆಸರೇನಮ್ಮ ಅಂದಾಗ ನೀನು ಅದನ್ನೇ ಹೇಳಿಲ್ಲ. ನಾನೇ ಎಂಟನೇ ಮನೆಯಿಂದ ದಾಕ್ಷಾಯಿಣಿ, ದಾಕ್ಷಾಯಿಣಿ ಅಂತ ಕೂಗಿದ್ದು. ಆ ಗಂಡು ನನ್ನೇ ಒಪ್ಕೊಂಡಿದ್ರೆ ಏನ್ ಗತಿ ಇತ್ತು?" ಹೇಳುತ್ತ ಹೇಳುತ್ತ ಅವಳ ಬಾಯಿ ನನ್ನ ಕಿವಿಯ ಮೇಲೇ ನಡುಗಿ ನಿಂತಿತು. ಹಾಲಮ್ಮ ಮೊರ ಕೆಳಗಿಟ್ಟು ಎದ್ದುಬಂದರು. ನಮ್ಮಿಬ್ಬರ ನಡುವೆ ತಲೆ ತೂರಿಸಿ ನನ್ನ ಕಿವಿಗೆ, "ಏನಮ್ಮ ಅಷ್ಟೊಂದು ಗುಟ್ಟು? ಹೆಣ್ಣುಮಗು ಅನುಕೂಲದ ಮನೆ ಸೇರುತ್ತೆ ಅಂತ ಹೊಟ್ಟೆಕಿಚ್ಚಾ?" ಎಂದರು. ಅವರ ಬಾಯಿಂದ ಎಲೆಯಡಿಕೆಯ ವಾಸನೆ ಬಂತು. ಕಣ್ಣು ಅತ್ತು ಊದಿಕೊಂಡಿತ್ತು. ಅವರೂ ಮಗನನ್ನು ಕಳೆದುಕೊಂಡವರು. ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಸರಿಯಾಗಿ ಆಗಲಿಲ್ಲ.

ಉಳಿದ ದಿನಗಳಲ್ಲಿ ನಾನು ಬೇರೆ ದಾರಿಗಳನ್ನು ಯೋಚಿಸಿದೆ. ರೇಣುಕಾಳ ಪರವಾಗಿ ನಮ್ಮ ಪೆಟ್ಟಿಗೆಯಿಂದ ಬೇಡ ಅಂದರೆ ಅದು ಮೊದಲನೇ ಮನೆಯ ಮಾತು. ಮೊದಲನೇ ಮನೆಗೆ ಎಂಟನೇ ಮನೆಯ ಮಗುವಿನ ಮೇಲೆ ಮಾತಿಲ್ಲ. ಅವಳನ್ನೇ ಕರೆತಂದು ನಮ್ಮ ಪೆಟ್ಟಿಗೆಯ ಮುಂದೆ ಕೂರಿಸಿದರೂ ಅಷ್ಟೇ. ಮಧ್ಯಾಹ್ನ ತಂತಿ ತಣ್ಣಗಿರುವಾಗ ಹೋಗಿ ಅರಗು ಒಡೆದು ವಾಲ್ವು ಕೂರಿಸೋಣವೆಂದರೆ ಬೀರುವಿಗೆ ಬೀಗ, ಅಲ್ಲಿ ಹಾಲಮ್ಮನ ಕಾವಲು. ಹೀಗೆ ಒಂದೊಂದೇ ದಾರಿ ಮುಚ್ಚಿಕೊಳ್ಳುತ್ತ ಹೋಗಿ ಕೊನೆಗೆ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು. ಮೊದಲನೇ ಮನೆಗೆ ಸೇರಿದ ಒಂದೇ ಒಂದು ಸಂಗತಿ ಇತ್ತು. ಅದನ್ನು ಹೇಳುವುದಕ್ಕೆ ಮಾತ್ರ ನನಗೆ ಹಕ್ಕಿತ್ತು. ಅದೇ ನನ್ನಿಂದ ಆಗದ್ದು. ಅಪ್ಪ ಆ ವಾರವೆಲ್ಲ ನನ್ನ ಜೊತೆ ಎಂದಿಗಿಂತ ಮೆತ್ತಗಿದ್ದರು. ಸಂತೆಯಿಂದ ನನಗಿಷ್ಟವೆಂದು ಅವರೆಕಾಯಿ ತಂದು ತಾವೇ ಸುಲಿದರು. ಸುಲಿಯುವಾಗ ನಡುಗುವ ಬೆರಳುಗಳಿಂದ ಕಾಳು ಜಾರಿ ಜಾರಿ ಬೀಳುತ್ತಿತ್ತು. ಬಿಸಿಮನೆಯ ಕೀಲಿ ಹೋದರೆ ಈ ಬೆರಳುಗಳು ಬೇರೆ ಯಾವ ಕೆಲಸ ಮಾಡಬಲ್ಲವು? ಬಾಗಿಲಲ್ಲಿ ಅವರಿಗೆ ದಾರಿ ಬಿಡುವವರು ಯಾರು? ನೆಲದ ಮೇಲೆ ಬಿದ್ದ ಕಾಳುಗಳನ್ನು ನಾನು ಆರಿಸಿಕೊಟ್ಟೆ. ಆ ರಾತ್ರಿ ಸಾರು ಚೆನ್ನಾಗಿತ್ತು. ಅದನ್ನೂ ಹೇಳಲಿಲ್ಲ.

ಸೋಮವಾರ ಸಂಜೆ ಅಪ್ಪ ಶುಭ್ರವಾದ ಪಂಚೆಯುಟ್ಟು ಬಿಸಿಮನೆಗೆ ಹೊರಟರು. ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದರು. ನಾನು ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಿದ್ದೆ. ದಿನಾ ಒರೆಸುತ್ತೇನೆ; ಅದರಲ್ಲಿ ವಿಶೇಷವೇನಿಲ್ಲ. ಅವರು ಹೋದರು. ಕಿಟಕಿಯಿಂದ ನೋಡಿದೆ. ಏಳನೇ ಮನೆಯ ಮುಂದೆ ಗಾಡಿಯೊಂದು ನಿಂತಿತ್ತು, ಎತ್ತುಗಳನ್ನು ಬಿಚ್ಚಿರಲಿಲ್ಲ. ನೀಲಕ್ಕ ಬಂದಿದ್ದಳು. ಗಾಡಿಯಲ್ಲಿ ಆಗಲೇ ಒಂದು ಸಣ್ಣ ಟ್ರಂಕು ಇತ್ತು. ಕೇಳಿಕೆ ಮುಗಿದ ಮೇಲೆ ಕಾಯುವ ಪದ್ಧತಿ ನಮ್ಮಲ್ಲಿಲ್ಲ. ಬೀದಿಯೇ ಕೈಹಾಕಿ ನೆರವೇರಿಸುತ್ತದೆ. ಎಂಟನೇ ಮನೆಯ ಜಗಲಿಯ ಮೇಲೆ ಇಬ್ಬರು ಗಂಡಸರು ಸುಮ್ಮನೆ ಬಂದವರ ಹಾಗೆ ಕೂತಿದ್ದರು.

ವಾಲ್ವಿನ ತಂತಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬೀದಿಯ ಗುಂಯ್ ಸದ್ದು ಎದ್ದಿತು. ಯಾರೂ ಕೆಮ್ಮಲಿಲ್ಲ. ಗುರುಬಸಪ್ಪನವರ ದನಿ ಬಂತು, ಗಂಭೀರವಾಗಿ, ಎಲ್ಲ ಮನೆಗಳಿಗೂ ಶರಣು ಹೇಳಿ, ಮಗನ ಹೆಸರೆತ್ತಿದಾಗ ಸ್ವಲ್ಪ ಒಡೆದು. ಮೊಮ್ಮಗಳ ಒಳಿತನ್ನು ಬಿಟ್ಟು ತಮಗೆ ಬೇರೇನೂ ಬೇಡವೆಂದರು. ಆಮೇಲೆ ಕೇಳಿಕೆ ಶುರುವಾಯಿತು. "ಮೊದಲನೇ ಮನೆ?" ನಾನು ಸುಮ್ಮನಿದ್ದೆ. "ಎರಡನೇ ಮನೆ?" ಅವರು ಸುಮ್ಮನಿದ್ದರು. ಮೂರನೇ ಮನೆಯ ಹೆಸರು ಹೇಳಿ ಕಾಯುವ ಗೋಜಿಗೂ ಹೋಗಲಿಲ್ಲ. ಹೀಗೆ ಹೋಗಿ, "ಎಂಟನೇ ಮನೆ?" ಎಂದಾಗ ಮಾತ್ರ ಸರಿಯಾಗಿ ಕಾದರು, ಬೀದಿಗೆಲ್ಲ ಗೊತ್ತಾಗುವಷ್ಟು ಹೊತ್ತು. ಎಂಟನೇ ಮನೆಯ ಪೆಟ್ಟಿಗೆಯಿಂದ ಏನೂ ಬರಲಿಲ್ಲ. ಕಿಟಕಿಯಾಚೆ ರೇಣುಕಾ ಬಾಗಿಲಿಗೆ ಬಂದು ನಿಂತದ್ದು ಕಂಡಿತು. ಮಗುವನ್ನು ಸೊಂಟಕ್ಕೆ ಎತ್ತಿಕೊಂಡಿದ್ದಳು. ಬಾಯಿ ತೆರೆದು ಬೀದಿಗೆ ಏನೋ ಕೂಗುತ್ತಿದ್ದಳು, ಕತ್ತಿನ ನರ ಉಬ್ಬುವಷ್ಟು ಜೋರಾಗಿ. ಜಗಲಿಯ ಮೇಲಿದ್ದ ಗಂಡಸರು ಎತ್ತುಗಳ ಕಡೆ ನೋಡುತ್ತಿದ್ದರು. ಒಂದು ಕಾಗೆ ಕೂಗಿದ್ದು ಕೇಳಿಸಿತು.

ಎರಡನೇ ಸಲ ಕೇಳಿ ಮುಗಿಯಿತು. ಬೇಡವೆಂದವರು ಯಾರೂ ಇರಲಿಲ್ಲ. ನಾಲ್ಕನೇ ಮನೆಯಿಂದ ಯಾರೋ ಮೂಗೆಳೆದುಕೊಂಡ ಸದ್ದು ಬಂತು, ಅಷ್ಟೆ. ಮೂರನೇ ಸಲ ಶುರುಮಾಡುವ ಮೊದಲು ಗುರುಬಸಪ್ಪ, "ಚೆನ್ನವೀರಪ್ಪೋರೇ, ಲೈನು ಸರಿಯಿದ್ಯಲ್ಲ? ಆಮೇಲೆ ಕೇಳಿಸ್ಲಿಲ್ಲ ಅಂತ ಯಾರೂ ಅನ್ಬಾರ್ದು ನೋಡಿ," ಎಂದರು. ಬಿಸಿಮನೆಯಲ್ಲೂ ಒಂದು ಪೆಟ್ಟಿಗೆಯಿದೆ, ಅದರಿಂದ ಅಪ್ಪನ ದನಿ ಬಂತು. "ಸರಿಯಿದೆ. ಎಲ್ಲಾ ಮನೆಗೂ ಸಮಾ ಹೋಗ್ತಿದೆ." ಆ ದನಿಯನ್ನು ಬೀದಿ ಎಷ್ಟು ನಂಬುತ್ತದೆಂದರೆ, ಅದನ್ನು ಕೇಳಿದ ಕೂಡಲೇ ಯಾವುದೋ ಮನೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ನಾನೂ ಚಿಕ್ಕಂದಿನಿಂದ ಆ ದನಿಯನ್ನು ಕೇಳಿಯೇ ನಿದ್ದೆಹೋದವಳು. ಮೈಕಿನ ಗುಂಡಿ ಒತ್ತಿದೆ. ಬೆರಳು ತೆಗೆದೆ. ಟಕ್ ಎಂದು ಬೀದಿಗೆಲ್ಲ ಕೇಳಿಸಿತು.

"ಯಾರದು? ಮೊದಲನೇ ಮನೇನಾ?" ಗುರುಬಸಪ್ಪ ಕೇಳಿದರು. ಆಮೇಲೆ ನಕ್ಕು, "ಏನಮ್ಮ ದಾಕ್ಷಾಯಿಣಿ, ಧೂಳು ಒರೆಸ್ತಿದೀಯಾ?" ಎಂದರು. ಯಾರೋ ಸಣ್ಣಗೆ ನಕ್ಕರು. ಒಂದು ಕ್ಷಣ ಬಿಟ್ಟು ಅಪ್ಪನ ದನಿ ಬಂತು. ಈ ಸಲ ಅದು ಬೀದಿಗೆ ಹೇಳಿದ್ದಲ್ಲ, ಕಿವಿಮಾತಿನ ಹಾಗೆ ತಗ್ಗಿತ್ತು. "ದಾಕ್ಷಿ, ಒಳಗೆ ಹೋಗಮ್ಮ." ಬಿಸಿಮನೆಯ ಹಿಡಿ ಅವರ ಕೈಯಲ್ಲೇ ಇತ್ತು. ತಿರುಗಿಸಿದ್ದರೆ ಇಡೀ ಬೀದಿ ತಣ್ಣಗಾಗುತ್ತಿತ್ತು. ಅವರು ತಿರುಗಿಸಲಿಲ್ಲ. ಯಾಕೆ ತಿರುಗಿಸಲಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ನಾನು ಮಾತಾಡಲಾರೆ ಎಂಬ ನಂಬಿಕೆಯಿಂದಲೋ, ಬೇರೆ ಯಾವುದರಿಂದಲೋ. ಕಿತ್ತಳೆಯ ಬೆಳಕು ನನ್ನ ಕೈಯ ಮೇಲೆ ಬಿದ್ದಿತ್ತು. ಗುರುಬಸಪ್ಪ ಗಂಟಲು ಸರಿಮಾಡಿಕೊಂಡು ಮೂರನೇ ಸಲ ಶುರುಮಾಡಿದರು.

"ಮೊದಲನೇ ಮನೆ?"

ಮತ್ತೆ ಗುಂಡಿ ಒತ್ತಿ ಹಿಡಿದು, "ಎಂಟನೇ ಮನೆ ವಾಲ್ವು ಸತ್ತಿಲ್ಲ," ಎಂದೆ. "ಜೀವ ಇರೋವಾಗ್ಲೇ ಅದನ್ನ ಕಿತ್ತೋರು ನಮ್ಮಪ್ಪ."